ಎಡಗಡೆಯ ಬ್ರೇಕು

ಹಲಸೂರಿನ ಬಜಾರ್ ಬೀದಿಯಿಂದ ಕೆರೆಯ ಕಡೆಗೆ ಹೊರಳುವ ತಿರುವಿನಲ್ಲಿ ‘ಅಂಜನಾ ಮೋಟಾರ್ ಡ್ರೈವಿಂಗ್ ಸ್ಕೂಲ್’ ಎಂಬ ಪುಟ್ಟ ಮಳಿಗೆ ಇದೆ. ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಟ್ರಾಫಿಕ್ ಚಿಹ್ನೆಗಳ ಒಂದು ಪಟ. ಇಷ್ಟೇ ಇದ್ದರೂ ಅದನ್ನು ‘ಸಂಸ್ಥೆ’ ಎಂದು ಕರೆಯುವವರು ಒಬ್ಬರಿದ್ದಾರೆ. ಅವರೇ ಅದರ ಮಾಲೀಕರು, ಪ್ರಾಂಶುಪಾಲರು ಮತ್ತು ಇದ್ದೊಬ್ಬ ಉಪಾಧ್ಯಾಯರಾದ ಅಂಜನಮೂರ್ತಿಯವರು.

ಕಾರು ಕಲಿಸುವುದು ಅವರ ಕಸುಬು. ತೀರ್ಪು ಕೊಡುವುದು ಅವರ ಖಯಾಲಿ. ಇಂದಿರಾನಗರದಿಂದ, ಕೆ.ಆರ್. ಪುರದಿಂದ, ಎಲ್ಲೆಲ್ಲಿಂದಲೋ ಅಪ್ಪಂದಿರು ಬಂದು ಆ ಮೂರು ಕುರ್ಚಿಗಳಲ್ಲಿ ಒಂದರ ಮೇಲೆ ಕೂರುತ್ತಿದ್ದರು.

“ಮೇಸ್ಟ್ರೇ, ಮಗನಿಗೆ ಹದಿನೆಂಟು ತುಂಬ್ತು. ಕಾರು ಕಾರು ಅಂತ ಪ್ರಾಣ ತಿಂತಾನೆ. ಕೊಡ್ಸ್ಲಾ?”

ಅಂಜನಮೂರ್ತಿಯವರು ಕಣ್ಣು ಮುಚ್ಚುತ್ತಿದ್ದರು. ಬೆರಳಿಗೆ ಸಿಕ್ಕಿಸಿಕೊಂಡ ಕೀ ಗೊಂಚಲನ್ನು ಎರಡು ಸುತ್ತು ತಿರುಗಿಸುತ್ತಿದ್ದರು. ಉತ್ತರ ಏನೆಂದು ಹಲಸೂರಿಗೆಲ್ಲ ಗೊತ್ತಿದ್ದರೂ ಆ ಕೀ ತಿರುಗುವಷ್ಟು ಹೊತ್ತು ಬಂದವರು ಉಸಿರು ಬಿಗಿ ಹಿಡಿದಿರುತ್ತಿದ್ದರು.

“ಬೇಡ.”

“ಯಾಕೆ ಮೇಸ್ಟ್ರೇ?”

“ಆ ವಯಸ್ಸಿನ ಕಾಲಿಗೆ ಆಕ್ಸಿಲರೇಟರ್ ಮಾತ್ರ ಕಾಣುತ್ತೆ ಸಾರ್. ಬ್ರೇಕು ಅಂತ ಒಂದಿದೆ ಅನ್ನೋದು ಕಾಲಿಗೆ ಹೊಳೀಬೇಕಾದ್ರೆ ಇಪ್ಪತ್ತೊಂದು ಆಗ್ಬೇಕು.”

ಈ ಇಪ್ಪತ್ತೊಂದು ಎಲ್ಲಿಂದ ಬಂತೆಂದು ಯಾರೂ ಕೇಳಿದವರಲ್ಲ. ಅಪ್ಪಂದಿರಿಗೂ ಬೇಕಾಗಿದ್ದದ್ದು ಮನೆಗೆ ಹೋಗಿ “ನಾನಲ್ಲಪ್ಪ, ಮೇಸ್ಟ್ರು ಬೇಡ ಅಂದ್ರು” ಎನ್ನಲು ಒಂದು ಹೆಸರು, ಅಷ್ಟೆ.

ಕಾರು ಕಲಿಸುವ ವಿದ್ಯೆ ಅವರಿಗೆ ಬಂದದ್ದು ಶಿವಾಜಿನಗರದ ಇನಾಯತ್ ಉಲ್ಲಾ ಸಾಹೇಬರಿಂದ. ಪಿ.ಯು.ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಸುಮ್ಮನೆ ಓಡಾಡಿಕೊಂಡಿದ್ದ ಅಂಜನಮೂರ್ತಿಯನ್ನು ಸಾಹೇಬರು ತಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿಸಿಕೊಂಡರು. ಅಂಥ ಸ್ಕೂಲುಗಳ ಕಾರಿನಲ್ಲಿ ಎಡಗಡೆ ಕೂರುವ ಮೇಸ್ಟರ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಎಡಗಡೆಯದನ್ನು ಒತ್ತಿದರೆ ಬಲಗಡೆಯದೂ ತಾನಾಗಿ ಕೆಳಗಿಳಿಯುತ್ತದೆ. ಕಲಿಯುವವರಿಗೆ ತಾವೇ ಒತ್ತಿದ ಹಾಗಿರುತ್ತದೆ. ಸಾಹೇಬರು ಮೊದಲ ದಿನವೇ ಉಪದೇಶ ಮಾಡಿದ್ದರು: “ಬಲಗಡೆ ಕೂತವನು, ನಾನೇ ಓಡಿಸ್ತಾ ಇದೀನಿ ಅಂದ್ಕೊಂಡಿರ್ತಾನೆ. ಅಂದ್ಕೊಳ್ಳಲಿ ಬಿಡು ಬೇಟಾ. ಗಾಡಿ ನಿನ್ನ ಕಾಲಲ್ಲಿ ಇರ್ಬೇಕು.”

ಅಂದಿನಿಂದ ಗಾಡಿ ಅಂಜನಮೂರ್ತಿಯವರ ಕಾಲಲ್ಲೇ ಇತ್ತು. ಮುಂದೆ ಸ್ವಂತ ಸ್ಕೂಲು ತೆರೆದಾಗ ಒಂದು ಕೆಂಪು ಕಾರು ಕೊಂಡು, ಸಾಹೇಬರ ಮಗ ಮುನಾವರ್‌ನ ಗ್ಯಾರೇಜಿನಲ್ಲಿ ಎಡಗಡೆಗೆ ಪೆಡಲು ಹಾಕಿಸಿದರು. ಆಮೇಲೆ ಎಷ್ಟು ಜನ ಬಂದು ಕಲಿತು ಹೋದರೋ, ಆ ಕಾರಿಗೆ ಒಂದು ಗೀರೂ ಬೀಳಲಿಲ್ಲ. ‘ಒಂದು ಗೀರೂ ಇಲ್ಲ’ ಎಂದು ಮಳಿಗೆಯ ಬೋರ್ಡಿನ ಮೇಲೆ ಹಳದಿ ಬಣ್ಣದಲ್ಲಿ ಬರೆಸಿಯೂ ಇದ್ದರು. ಇಲ್ಲಿ ಕಲಿತು ಹೋದವರು ಆಮೇಲೆ ತಮ್ಮ ತಮ್ಮ ಕಾರುಗಳಿಗೆ ಎಷ್ಟು ಗೀರು ಮಾಡಿಕೊಂಡರು ಎಂಬುದು ಸಂಸ್ಥೆಗೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ.

ಇಷ್ಟು ವರ್ಷ ಒತ್ತಿ ಒತ್ತಿ ಅವರ ಬಲಗಾಲಿಗೆ ಒಂದು ಬೇರೆಯೇ ಬುದ್ಧಿ ಬಂದುಬಿಟ್ಟಿತ್ತು. ಟೀವಿಯಲ್ಲಿ ಲಾರಿ ಅಡ್ಡ ಬಂದರೆ ಅದು ಟೀಪಾಯಿಯ ಕಾಲನ್ನು ಒತ್ತುತ್ತಿತ್ತು. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು.

ಹೆಂಡತಿ ಮಂಜುಳಮ್ಮ ಮದುವೆಯಾದ ಹೊಸದರಲ್ಲಿ ಇವರ ಹತ್ತಿರ ಕಾರು ಕಲಿಯಲು ಮೂರು ದಿನ ಹೋದರು. ನಾಲ್ಕನೆಯ ದಿನ ಹೋಗಲಿಲ್ಲ.

“ಸ್ಟೇರಿಂಗ್ ನಾನು ಹಿಡ್ಕೊಂಡಿರ್ತೀನಿ, ಮಿಕ್ಕಿದ್ದೆಲ್ಲ ಇವರೇ ಮಾಡ್ತಾರೆ. ಅದಕ್ಕೆ ನಾನ್ಯಾಕೆ ಬೇಕು? ಸ್ಟೇರಿಂಗನ್ನೂ ಕಿತ್ಕೊಂಡೋಗಿ ಎಡಗಡೆನೇ ಇಟ್ಕೊಳ್ಳಲಿ” ಎಂದು ತಮ್ಮ ಅಕ್ಕನಿಗೆ ಹೇಳಿದ್ದರು. ಅಂಜನಮೂರ್ತಿಯವರು ಅದನ್ನೇ ನಾಲ್ಕು ಜನಕ್ಕೆ ಬೇರೆ ಥರ ಹೇಳಿದರು: “ನಮ್ಮನೆಯವಳಿಗೆ ಧೈರ್ಯ ಸಾಲದು.”

ಮಗಳು ಪೂಜಿತಾಗೆ ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ. ಹದಿನೆಂಟು ತುಂಬಿದ ವಾರವೇ ಕಲಿಯಲು ಶುರು ಮಾಡಿದಳು. ಬೆಳಗ್ಗೆ ಕೆರೆಯ ಸುತ್ತ ಅಪ್ಪ ಎಡಗಡೆ, ಮಗಳು ಬಲಗಡೆ. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಕಾರು ಹೋಗುತ್ತಿತ್ತು. ಏರಿನಲ್ಲಿ ನಿಲ್ಲಿಸಿ ಮತ್ತೆ ಗಾಡಿ ಎತ್ತಿದರೂ ಒಂದು ಅಂಗುಲ ಹಿಂದೆ ಜಾರುತ್ತಿರಲಿಲ್ಲ. “ರಕ್ತದಲ್ಲೇ ಬಂದಿದೆ” ಎಂದು ಅಂಜನಮೂರ್ತಿಯವರು ಹೆಮ್ಮೆಪಟ್ಟರು. ಪರೀಕ್ಷೆಯ ಮೈದಾನ ಸಪಾಟಾಗಿತ್ತು. ಕಾರೂ ಇದೇ, ಎಡಗಡೆ ಕೂತವರೂ ಇವರೇ. ಲೈಸೆನ್ಸು ಬಂತು.

ಅಷ್ಟರಲ್ಲಿ ಸ್ಕೂಲಿಗೆ ಹೊಸ ಕಾರು ಬಂದು ಹಳೆಯ ಕೆಂಪು ಕಾರು ಮನೆಯ ಮುಂದೆ ಸುಮ್ಮನೆ ನಿಂತಿತು. ಪೂಜಿತಾಳ ಕಾಲೇಜು ಕಲ್ಯಾಣ ನಗರದಿಂದಲೂ ಆಚೆ, ಹೆಣ್ಣೂರಿನ ಕಡೆ. ಎರಡು ಬಸ್ಸು ಬದಲಾಯಿಸಿ, ಆಮೇಲೆ ಒಂದಿಷ್ಟು ನಡೆಯಬೇಕು.

“ಅಪ್ಪ, ಕೆಂಪು ಕಾರು ನನಗೆ ಕೊಡಿ.”

“ಇಪ್ಪತ್ತೊಂದು ಆಗ್ಲಿ.”

“ಅಷ್ಟೊತ್ತಿಗೆ ಕಾಲೇಜೇ ಮುಗ್ದಿರುತ್ತೆ.”

“ಒಳ್ಳೇದೇ ಆಯ್ತಲ್ಲ. ಪೆಟ್ರೋಲ್ ಉಳೀತು.”

ತಿಂಗಳುಗಟ್ಟಲೆ ಇದೇ ನಡೆಯಿತು. ಪೂಜಿತಾ ಬಸ್ಸಿಗೆ ಓಡುವಾಗ ದಿನಾ ಆ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ ಹೋಗುತ್ತಿದ್ದಳು. ಕಾರಿನ ಮೇಲೆ ಅಷ್ಟು ಜಾಗದಲ್ಲಿ ಮಾತ್ರ ಧೂಳು ಇರುತ್ತಿರಲಿಲ್ಲ.

ಹೀಗಿರುವಾಗ ಕಲ್ಯಾಣ ನಗರದ ಒಂದು ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಲಕ್ಷ್ಮಿಕಾಂತ ಎಂಬುವರು ಅಂಜನಮೂರ್ತಿಯವರನ್ನು ಭಾಷಣಕ್ಕೆ ಕರೆದರು. ‘ಹದಿಹರೆಯದವರಿಗೆ ಸ್ವಂತ ಕಾರು ಬೇಕೇ?’ ಎಂಬುದು ವಿಷಯ. ಬ್ಯಾನರಿನಲ್ಲಿ ಇವರ ಹೆಸರಿನ ಹಿಂದೆ ‘ಖ್ಯಾತ ಚಾಲನಾ ತಜ್ಞ’ ಎಂದು ಹಾಕಿದ್ದರು. ಅಂಜನಮೂರ್ತಿಯವರು ಅದರ ಫೋಟೋ ತೆಗೆದು ನಾದಿನಿಯ ಮನೆಯವರಿಗೆಲ್ಲ ಕಳಿಸಿದರು. ಶ್ರೋತೃಗಳು ಕಡಿಮೆ ಬಿದ್ದಾರೆಂದು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದರು.

ಭಾಷಣ ಚೆನ್ನಾಗಿಯೇ ಆಯಿತು. ಕಾಲು, ಕಣ್ಣು, ಕಾಲ, ಕಲಿಯುಗ ಎಲ್ಲವೂ ಅದರಲ್ಲಿ ಬಂದವು. ಕೊನೆಗೆ ‘ಇಪ್ಪತ್ತೊಂದು’ ಎಂದು ಬೆರಳೆತ್ತಿದಾಗ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಮಕ್ಕಳು ಮೊಬೈಲು ನೋಡಿಕೊಂಡರು. ಆಗ ಲಕ್ಷ್ಮಿಕಾಂತ ಎದ್ದು ನಿಂತರು.

“ಸಾರ್, ಒಂದು ಸಣ್ಣ ಡೌಟು. ನಿಮ್ಮ ಮಗಳಿಗೂ ಹದಿನೆಂಟಾಗಿದೆ ಅಂದ್ರಿ. ನೀವೇ ಕಲಿಸಿದ್ದೀನಿ ಅಂದ್ರಿ. ಆಕೆಗೆ ಕಾರು ಕೊಟ್ಟಿದ್ದೀರಾ?”

“ಕೊಟ್ಟಿಲ್ಲ! ನಾನು ಹೇಳೋದು ಒಂದು, ಮಾಡೋದು ಒಂದು ಅಲ್ಲ.”

“ಅಲ್ಲ ಸಾರ್, ಆಕ್ಚುಲಿ ನನ್ನ ಪ್ರಶ್ನೆ ಏನಂದ್ರೆ, ನೀವು ಕೈಯಾರೆ ಕಲಿಸಿದ ಮಗಳ ಮೇಲೇ ನಿಮಗೆ ನಂಬಿಕೆ ಇಲ್ಲ ಅಂದ್ರೆ, ನಮ್ಮ ಮಕ್ಕಳನ್ನ ನಿಮ್ಮ ಹತ್ರ ಯಾಕೆ ಕಳಿಸ್ಬೇಕು?”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಂಜನಮೂರ್ತಿಯವರು ಕಣ್ಣು ಮುಚ್ಚಿ ಕೀ ಗೊಂಚಲು ತಿರುಗಿಸಿದರು. ಎರಡು ಸುತ್ತು ಸಾಲಲಿಲ್ಲ. ನಾಲ್ಕು ಸುತ್ತು ತಿರುಗಿತು.

“ನನ್ನ ಮಗಳ ಕೇಸೇ ಬೇರೆ. ಅವಳು ನನ್ನ ಶಿಷ್ಯೆ. ಬರೋ ಭಾನುವಾರ ಅವಳಿಗೆ ಕಾರು ಕೊಡ್ತಾ ಇದೀನಿ!”

ಹಿಂದಿನ ಸಾಲಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಪೂಜಿತಾ ಅದನ್ನು ಅರ್ಧಕ್ಕೇ ಬಿಟ್ಟು ಅಮ್ಮನ ಮುಖ ನೋಡಿದಳು. ಮಂಜುಳಮ್ಮ, “ಚಪ್ಪಾಳೆ ತಟ್ಟೇ, ಮಾತು ತಿರುಗಿಸೋಕೆ ಮುಂಚೆ” ಎಂದರು.

ಭಾನುವಾರ ಕಾರು ತೊಳೆದು, ಬಾನೆಟ್ಟಿಗೆ ಕುಂಕುಮವಿಟ್ಟು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟರು. ಕಾರಿನ ಮೇಲಿದ್ದ ಸ್ಕೂಲಿನ ಬೋರ್ಡು ಬಿಚ್ಚಿಯಾಗಿತ್ತು. ಕೆಂಪು ‘ಎಲ್’ ಕೆರೆದು ತೆಗೆದಾಗಿತ್ತು. ಅಂಜನಮೂರ್ತಿಯವರು ಕಾಯಿ ಒಡೆದು, ಮದುವೆಯಲ್ಲಿ ಕನ್ಯಾದಾನ ಮಾಡುವವರ ಮುಖ ಮಾಡಿಕೊಂಡು ಕೀ ಕೊಟ್ಟರು. ಪೂಜಿತಾ ಕೀ ಹಿಡಿದು ಕಾರಿಗೊಂದು ಸುತ್ತು ಬಂದಳು. ಎಡಗಡೆಯ ಬಾಗಿಲು ತೆಗೆದು ಬಗ್ಗಿ ನೋಡಿದಳು.

“ಅಪ್ಪ, ಈ ಪೆಡಲು ಇನ್ನೂ ಇಲ್ಲೇ ಇದೆಯಲ್ಲ.”

“ಇರ್ಲಿ ಬಿಡಮ್ಮ. ಅದೇನು ಅನ್ನ ಕೇಳುತ್ತಾ?”

“ಯಾರಿಗೆ ಇದು?”

“ಯಾರಿಗೂ ಇಲ್ಲ. ಹೀಗೇ, ಎಲ್ಲಾದ್ರೂ ನಾನು ಜೊತೇಲಿ ಬಂದಾಗ… ಸೇಫ್ಟಿ.”

“ಇದು ಇದ್ರೆ ಕಾರು ನಿಮ್ಮದು ಅಪ್ಪ. ನಾನು ಬರೀ ಡ್ರೈವರ್ರು.” ಅವಳು ಕೀಯನ್ನು ಬಾನೆಟ್ಟಿನ ಮೇಲೆ, ಒಡೆದ ಕಾಯಿಯ ಪಕ್ಕದಲ್ಲಿ ಇಟ್ಟಳು. “ತೆಗೆಸಿ ಕೊಡಿ. ಇಲ್ಲಾಂದ್ರೆ ಬೇಡ.”

ಸೋಮವಾರ ಅವಳು ಬಸ್ಸಿಗೇ ಹೋದಳು. ಹೋಗುವಾಗ ಬಾನೆಟ್ಟು ಮುಟ್ಟಲಿಲ್ಲ.

ಅಂಜನಮೂರ್ತಿಯವರು ಒಂದು ವಾರ ನೆಪ ಹುಡುಕಿದರು. ಮುನಾವರ್ ಊರಲ್ಲಿಲ್ಲ ಎಂದರು, ಇದ್ದ. ಆಷಾಢದಲ್ಲಿ ಗಾಡಿಯಿಂದ ಏನನ್ನೂ ಕೀಳಬಾರದು ಎಂದರು. “ಹಲ್ಲು ಕೀಳ್ಬೋದಾ?” ಎಂದು ಮಂಜುಳಮ್ಮ ಕೇಳಿದರು. ಅತ್ತ ಲಕ್ಷ್ಮಿಕಾಂತ ದಿನ ಬಿಟ್ಟು ದಿನ ಫೋನು: “ಸಾರ್, ಕೊಟ್ರಾ? ನಮ್ಮ ಗ್ರೂಪಲ್ಲಿ ಎಲ್ಲ ಕೇಳ್ತಾ ಇದಾರೆ. ಒಂದು ಫೋಟೋ ಹಾಕಿ ಸಾರ್.” ಇತ್ತ ಮಗಳು ಮನೆಯಲ್ಲಿ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಬೇಕಾದಷ್ಟು ಎಂದರೆ “ಉಪ್ಪು” ಮತ್ತು “ಹೂಂ”. ಫೋನನ್ನಾದರೂ ತಡೆದುಕೊಂಡಾರು, ಆ “ಹೂಂ” ಅವರಿಗೆ ತಡೆಯಲಾಗಲಿಲ್ಲ. ಶನಿವಾರ ಕಾರು ತೆಗೆದುಕೊಂಡು ಶಿವಾಜಿನಗರಕ್ಕೆ ಹೋದರು.

ಮುನಾವರ್ ಎಡಗಡೆಯ ಪೆಡಲುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸಿದ.

“ನೋಡಿ ಮೇಸ್ಟ್ರೇ. ಬಲಗಡೆ ಕ್ಲಚ್ಚಿನ ರಬ್ಬರು ಹೊಸದರ ಹಾಗೇ ಇದೆ. ನಿಮ್ಮ ಕಡೇದು ಹವಾಯಿ ಚಪ್ಪಲಿ ಥರ ಸವೆದು ಹೋಗಿದೆ.”

“ಮತ್ತೆ? ಅಷ್ಟು ಜನಕ್ಕೆ ಕಲಿಸೋದು ಅಂದ್ರೆ ಸುಮ್ನೇನಾ?” ಎಂದು ಅಂಜನಮೂರ್ತಿಯವರು ಉಬ್ಬಿದರು.

“ಸರಿ. ಈಗ ಇದು ತೆಗೆದ್ಬಿಟ್ಟೆ. ನೀವು ಎಲ್ಲಿ ಕೂತ್ಕೊತೀರಿ?”

“ಇನ್ನೆಲ್ಲಿ, ಎಡಗಡೆನೇ.”

“ಕೂತು ಏನ್ ಮಾಡ್ತೀರಿ?”

ತಜ್ಞರು ಕೀ ಗೊಂಚಲಿಗಾಗಿ ಜೇಬು ತಡಕಿದರು. ಮುನಾವರ್ ಎರಡೂ ಪೆಡಲನ್ನು ಹಳೆಯ ಉರ್ದು ಪೇಪರಿನಲ್ಲಿ ಸುತ್ತಿ, ಬೇಕರಿಯವರು ಬನ್ನು ಕಟ್ಟಿಕೊಡುವ ಹಾಗೆ ಕೈಗಿಟ್ಟ.

ಮರುದಿನ ಕಮ್ಮನಹಳ್ಳಿಯಲ್ಲಿ ಮಂಜುಳಮ್ಮನ ಅಕ್ಕನ ಮನೆಯಲ್ಲಿ ಊಟ. ಪೂಜಿತಾ ಖಾಲಿಯಾದ ಎಡಗಡೆಯನ್ನು ಬಗ್ಗಿ ನೋಡಿ, ಎದ್ದು, ಅಪ್ಪನ ಕೆನ್ನೆ ಹಿಂಡಿದಳು. ವಾರದ ನಂತರ ಮೊದಲ ಸಲ ಪೂರ್ತಿ ವಾಕ್ಯ ಮಾತಾಡಿದಳು: “ಕೂತ್ಕೊಳ್ಳಿ ಅಪ್ಪ, ಇವತ್ತು ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ.” ಮಂಜುಳಮ್ಮ ಹಿಂದೆ, ಅಂಜನಮೂರ್ತಿಯವರು ಎಂದಿನಂತೆ ಎಡಕ್ಕೆ.

ಮನೆಯಿಂದ ಹೊರಟ ಕೂಡಲೇ ಕಾರು ಒಮ್ಮೆ ಕುಪ್ಪಳಿಸಿ ನಿಂತಿತು. ಕಾಕ್ಸ್ ಟೌನ್ ಮುಟ್ಟುವುದರೊಳಗೆ ಇನ್ನೆರಡು ಸಲ ನಿಂತಿತು.

“ಮುನಾವರ್ ಏನೋ ಎಡವಟ್ಟು ಮಾಡಿದಾನೆ” ಎಂದರು ಅಂಜನಮೂರ್ತಿ. ಅವರ ಎರಡೂ ಕಾಲು ಮ್ಯಾಟಿನ ಮೇಲೆ ಪಟಪಟ ಬಡಿದುಕೊಳ್ಳುತ್ತಿದ್ದವು.

ಮಾರುತಿ ಸೇವಾನಗರದ ಮೇಲ್ಸೇತುವೆಯ ಏರಿನಲ್ಲಿ ಮುಂದಿನ ಗಾಡಿಗಳು ನಿಂತವು. ಕೆಂಪು ಕಾರೂ ನಿಂತಿತು. ಮತ್ತೆ ಮುಂದಿನವು ಹೊರಟವು, ಇದು ಹೊರಡಲಿಲ್ಲ. ಗಕ್ಕೆಂದು ಆಫ್ ಆಯಿತು. ಪೂಜಿತಾ ಮತ್ತೆ ಸ್ಟಾರ್ಟ್ ಮಾಡಿದಳು. ಕಾರು ಹಿಂದಕ್ಕೆ ಜಾರತೊಡಗಿತು. ಅಂಜನಮೂರ್ತಿಯವರು ಇದ್ದ ಬಲವನ್ನೆಲ್ಲ ಹಾಕಿ ಮ್ಯಾಟನ್ನು ತುಳಿದರು. ಮ್ಯಾಟು ಮ್ಯಾಟಿನ ಕೆಲಸ ಮಾಡಿತು. ಹಿಂದಿನ ಆಟೋ ಹಾರ್ನ್ ಹೊಡೆದು ಕಿರುಚಿತು. ಪೂಜಿತಾ ತಡವಾಗಿ ತನ್ನ ಬ್ರೇಕು ಒತ್ತಿದಳು.

ಆಟೋದವನು ತಲೆ ಹೊರಗೆ ಹಾಕಿದ. “ಏನ್ ಮೇಡಂ, ಇಲ್ಲೇ ಸೈಟು ತಗೊಂಡು ಮನೆ ಕಟ್ಟಿಸ್ತೀರಾ?”

ಅವನ ಹಿಂದಿನ ಬಿಳಿ ಕಾರಿನ ಗಾಜು ಇಳಿಯಿತು. ಅದರೊಳಗಿಂದ ಬಂದದ್ದು ಲಕ್ಷ್ಮಿಕಾಂತರ ಮುಖ. “ಓ, ಮೇಸ್ಟ್ರು! ಕೇಸೇ ಬೇರೆ ಅಂದಿದ್ರಲ್ಲ, ಇದೇನಾ ಸಾರ್?”

ಅಂಜನಮೂರ್ತಿಯವರು ಕೇಳಿಸದವರಂತೆ ಎದುರಿನ ಗಾಜು ನೋಡಿದರು.

“ಅಪ್ಪ,” ಎಂದಳು ಪೂಜಿತಾ. ಹಣೆಯಲ್ಲಿ ಬೆವರಿತ್ತು. “ಏರಲ್ಲಿ ನಿಲ್ಲಿಸಿ ಎತ್ತೋದು ನನಗೆ ಬರ್ತಿತ್ತಲ್ವಾ?”

“ಬರ್ತಿತ್ತು.”

“ಈಗ್ಯಾಕೆ ಬರ್ತಿಲ್ಲ?”

ಮೂವರೂ ಒಂದೇ ಕಡೆ ನೋಡಿದರು. ಅಂಜನಮೂರ್ತಿಯವರ ಎಡಗಾಲು, ಅಲ್ಲಿಲ್ಲದ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ಹದವಾಗಿ ನಡುಗುತ್ತಿತ್ತು. ಎಷ್ಟು ಹದವಾಗಿ ಎಂದರೆ, ಅದರಡಿಯಲ್ಲಿ ಒಂದು ಪೆಡಲು ಇದ್ದಿದ್ದರೆ ಕಾರು ಬೆಣ್ಣೆಯ ಹಾಗೆ ಮೇಲೇರುತ್ತಿತ್ತು.

“ಬರ್ತಿದ್ದದ್ದು ನಿನಗಲ್ಲ ಕಣೇ,” ಎಂದರು ಮಂಜುಳಮ್ಮ ಹಿಂದಿನಿಂದ. “ನಿಮ್ಮಪ್ಪನ ಕಾಲಿಗೆ. ಇಪ್ಪತ್ತು ವರ್ಷದ ಹಿಂದೆ ನಾನು ಬಾಯಿ ಬಡ್ಕೊಂಡಿದ್ದು ಇದನ್ನೇ.”

ಪೂಜಿತಾ ಅಪ್ಪನ ಮುಖವನ್ನು ನೋಡಿದಳು. ಅವಳಿಗೆ ಸಿಟ್ಟು ಬಂದಿದ್ದರೆ ಅಂಜನಮೂರ್ತಿಯವರಿಗೆ ಸುಲಭವಾಗುತ್ತಿತ್ತು, ಬೈಯಬಹುದಿತ್ತು. ಅವಳ ಕಣ್ಣಲ್ಲಿ ನೀರು ಬಂದಿತ್ತು.

“ಅಂದ್ರೆ ಕೆರೆ ಸುತ್ತ… ಒಂದು ದಿನಾನೂ ನಾನು ಓಡಿಸಿಲ್ವಾ?”

“ಹಾಗಲ್ಲ ಪೂಜಿ… ನೀನು ಇಳಿ, ಈ ಕಡೆ ಬಾ. ಸೇತುವೆ ದಾಟಿಸಿ ಕೊಡ್ತೀನಿ. ಆಮೇಲೆ ನೀನೇ…”

ಪೂಜಿತಾ ಸ್ಟೇರಿಂಗನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಕೈಬ್ರೇಕನ್ನು ಎಳೆದಳು. ಆ ಕೈಬ್ರೇಕನ್ನು ಅವಳು ಏರಿನಲ್ಲಿ ಎಂದೂ ಮುಟ್ಟಿದವಳಲ್ಲ. ‘ನಾನಿರುವಾಗ ಅದ್ಯಾಕೆ’ ಎಂದು ಅಪ್ಪ ಹೇಳಿಕೊಟ್ಟೇ ಇರಲಿಲ್ಲ.

“ನೀವು ಇಳೀರಿ ಅಪ್ಪ.”

“ನಾನಾ?”

“ನಿಮ್ಮ ಕಾಲು ಆಡ್ತಾ ಇದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಪ್ಲೀಸ್.”

ಅವರು ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದರು. “ನೀನೂ ಇಳಿ ಮತ್ತೆ.”

“ನಾನ್ಯಾಕೆ ಇಳೀಲಿ? ನಾನ್ಯಾವ ಪೆಡಲು ಒತ್ತಿದೀನಿ?”

ಅಂಜನಮೂರ್ತಿಯವರು ಇಳಿದರು. ಇಷ್ಟು ವರ್ಷದಲ್ಲಿ ಆ ಕಾರು ತಾವು ಒಳಗಿಲ್ಲದೆ ಓಡುವುದನ್ನು ಅವರು ಒಮ್ಮೆಯೂ ಹೊರಗಿನಿಂದ ನೋಡಿರಲಿಲ್ಲ. ಕಾರು ಒಂದು ಸಲ ಆಫ್ ಆಯಿತು. ಆಟೋದವನು ಈ ಸಲ ಹಾರ್ನ್ ಹೊಡೆಯಲಿಲ್ಲ. ಅವನಿಗೂ ಏನಾಗುತ್ತದೋ ನೋಡಬೇಕಿತ್ತು. ಎರಡನೆಯ ಸಲ ಕಾರಿನ ಮೂಗು ತುಸು ಎದ್ದಿತು, ಮೈಯೆಲ್ಲ ನಡುಗಿತು, ಮತ್ತೆ ಆಫ್. “ಹಾಫ್ ಕ್ಲಚ್! ಹಾಫ್ ಕ್ಲಚ್!” ಎಂದು ಕೂಗಲು ಅವರು ಬಾಯಿ ತೆರೆದರು. ಕಿಟಕಿಯ ಗಾಜು ಮೇಲೇರಿ ಮುಚ್ಚಿಕೊಂಡಿತು.

ಮೂರನೆಯ ಸಲ ಕಾರು ನಡುಗಿತು, ನಡುಗುತ್ತಲೇ ಆಫ್ ಆಗದೆ ನಿಂತಿತು, ಕೈಬ್ರೇಕು ಇಳಿಯಿತು, ಹೊರಟಿತು. ಬೆಣ್ಣೆಯ ಹಾಗೇನೂ ಅಲ್ಲ. ಕುದುರೆಗಾಡಿಯ ಹಾಗೆ ಎರಡು ಸಲ ಜಗ್ಗಿತು. ಆದರೆ ಮೇಲೇರಿತು, ಸೇತುವೆಯ ನೆತ್ತಿ ದಾಟಿತು, ಕಾಣದಾಯಿತು.

ಅಂಜನಮೂರ್ತಿಯವರು ಕೆಳಗೆ ನೋಡಿಕೊಂಡರು. ಅವರ ಬಲಗಾಲು ಸೇತುವೆಯ ಕಾಂಕ್ರೀಟನ್ನು ಒತ್ತಿ ಹಿಡಿದಿತ್ತು.

“ಹತ್ತಿ ಸಾರ್, ಡ್ರಾಪ್ ಕೊಡ್ತೀನಿ” ಎಂದು ಲಕ್ಷ್ಮಿಕಾಂತ ಬಾಗಿಲು ತೆಗೆದರು. ಸೇತುವೆ ಇಳಿಯುವಾಗ ಪಕ್ಕದಲ್ಲಿ ಕೂತವರ ಕಾಲು ನೋಡಿ, “ಸಾರ್, ಇದು ಆಟೋಮ್ಯಾಟಿಕ್ಕು. ಕ್ಲಚ್ಚು ನನ್ನ ಕಡೇನೂ ಇಲ್ಲ” ಎಂದರು ಮೆಲ್ಲಗೆ.

ಸೇತುವೆ ಇಳಿದ ಕೂಡಲೇ ಒಂದು ಬೇಕರಿಯ ಮುಂದೆ ಕೆಂಪು ಕಾರು ನಿಂತಿತ್ತು. ಒಂದು ಚಕ್ರ ಫುಟ್‌ಪಾತಿನ ಮೇಲೆ. ಎಡಗಡೆಯ ಬಂಪರಿಗೆ ಉದ್ದಕ್ಕೆ ಒಂದು ಗೀರು, ಹೊಚ್ಚ ಹೊಸದು. ಮಂಜುಳಮ್ಮ ಮುಂದಿನ ಸೀಟಿಗೆ ಬಂದು ಕೂತು ವೆಜ್ ಪಫ್ ತಿನ್ನುತ್ತಿದ್ದರು.

ಅಂಜನಮೂರ್ತಿಯವರು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಗೀರಿನ ಮೇಲೆ ಬೆರಳಾಡಿಸಿದರು. ಪೂಜಿತಾ ಇಳಿದು ಬಂದು ಹಿಂದೆ ನಿಂತಳು.

“ಇದು ನಾನೇ ಮಾಡಿದ್ದು ಅಪ್ಪ,” ಎಂದಳು. ಧ್ವನಿಯಲ್ಲಿ ಹೆದರಿಕೆ ಇತ್ತು. ಅದರ ಜೊತೆ ಇನ್ನೊಂದೂ ಇತ್ತು. ಪ್ರಗತಿ ಪತ್ರ ತೋರಿಸುವ ಮಕ್ಕಳ ಧ್ವನಿಯಲ್ಲಿ ಇರುತ್ತದಲ್ಲ, ಅದು.

ಅವರು ಎದ್ದು ಎಡಗಡೆಯ ಬಾಗಿಲಿಗೆ ಕೈ ಹಾಕಿದರು.

“ಸೀಟು ಖಾಲಿ ಇಲ್ಲ,” ಎಂದರು ಮಂಜುಳಮ್ಮ ಪಫ್‌ನ ಪುಡಿ ಕೊಡವುತ್ತ. “ಹಿಂದೆ ಕೂತ್ಕೊಳ್ಳಿ.”

ಅದಾದ ಮೇಲೆ ಪೂಜಿತಾ ಕಾಲೇಜಿಗೆ ಕೆಂಪು ಕಾರಿನಲ್ಲೇ ಹೋಗುತ್ತಾಳೆ. ಗೀರು ಈಗ ಮೂರಾಗಿವೆ. ಭಾನುವಾರ ಬೆಳಗ್ಗೆ ಅವಳು ಅಮ್ಮನಿಗೆ ಕೆರೆಯ ಸುತ್ತ ಕಾರು ಕಲಿಸುತ್ತಾಳೆ. ಎಡಗಡೆ ಕೂತು, ಕೈ ಕಟ್ಟಿಕೊಂಡು, ಬೇಕಾದಾಗ ಕಿರುಚಿಕೊಂಡು.

ಸಂಸ್ಥೆಯ ತೀರ್ಪೂ ಬದಲಾಗಿದೆ. ಅಪ್ಪಂದಿರು ಬಂದು ಕೇಳಿದರೆ ಅಂಜನಮೂರ್ತಿಯವರು ಕಣ್ಣು ಮುಚ್ಚಿ, ಕೀ ತಿರುಗಿಸಿ ಹೇಳುತ್ತಾರೆ: “ಕೊಡೋದು ಬಿಡೋದು ಆಮೇಲೆ. ಮೊದಲು ನೀವು ಒಂದು ತಿಂಗಳು ಹಿಂದಿನ ಸೀಟಲ್ಲಿ ಕೂತು ಅಭ್ಯಾಸ ಮಾಡಿ. ನಾನು ಮೊದಲಿಂದಲೂ ಇದನ್ನೇ ಹೇಳ್ಕೊಂಡು ಬಂದಿದೀನಿ.” ಬೋರ್ಡಿನ ಮೇಲಿದ್ದ ‘ಒಂದು ಗೀರೂ ಇಲ್ಲ’ ಎಂಬುದರ ಮೇಲೆ ಬಣ್ಣ ಹೊಡೆಸಿ ಮುಚ್ಚಿಸಿದ್ದಾರೆ. ಬಿಸಿಲಿಗೆ ಮಾಸಿತ್ತು, ಅದಕ್ಕೆ ಎಂದು ಹೇಳುತ್ತಾರೆ.

ಭಾನುವಾರಗಳಲ್ಲಿ ಅವರೂ ಜೊತೆಗೆ ಹೋಗುವುದುಂಟು. ಹಿಂದಿನ ಸೀಟಿನಲ್ಲಿ, ಚಪ್ಪಲಿ ಬಿಟ್ಟು, ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡಿರುತ್ತಾರೆ. ನೋಡಿದವರು ಪ್ರಾಣಾಯಾಮ ಎಂದುಕೊಳ್ಳುತ್ತಾರೆ. ಏರು ಬಂದಾಗ ಮಂಜುಳಮ್ಮ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿ, “ರೀ, ಕಾಲು?” ಎನ್ನುತ್ತಾರೆ.

“ಮೇಲಿದೆ ಕಣೇ, ಮೇಲಿದೆ. ನೀನು ಓಡ್ಸು.”